ಹಿಡಿಯುವ ಕೈ

ತೆಂಗಿನಕಾಯಿ ತುರಿಯುವ ಮಣೆಯನ್ನು ಕಂಡವರೆಲ್ಲರೂ ಅದರ ಹಲ್ಲನ್ನು ಹೊಗಳುತ್ತಾರೆ. ಹಲ್ಲು ಹರಿತವಾಗಿದ್ದರೆ ಮಣೆ ಒಳ್ಳೆಯದು, ಮೊಂಡಾಗಿದ್ದರೆ ಕೆಟ್ಟದ್ದು ಎಂಬುದು ಲೋಕದ ತೀರ್ಪು. ಆದರೆ ಆ ಹಲ್ಲು ಕೆಲಸಮಾಡುವುದು ಗೃಹಿಣಿಯು ಮಣೆಯ ಮೇಲೆ ಭದ್ರವಾಗಿ ಕುಳಿತಿರುವುದರಿಂದ ಎಂಬ ಸಂಗತಿಯನ್ನು ಯಾರೂ ಲೆಕ್ಕಕ್ಕೆ ತಂದುಕೊಳ್ಳುವುದಿಲ್ಲ. ಆಕೆ ಎದ್ದುನಿಂತು ತುರಿಯಲು ನೋಡಲಿ; ಮಣೆ ಮುಗ್ಗರಿಸುತ್ತದೆ, ಕಾಯಿ ಜಾರುತ್ತದೆ, ತುರಿಯ ಜೊತೆಗೆ ಬೆರಳಿನ ಚರ್ಮವೂ ಬಟ್ಟಲಿಗೆ ಬೀಳುತ್ತದೆ. ಈಳಿಗೆಮಣೆಯ ಕಥೆಯೂ ಇದೇ. ಹಲಗೆಯನ್ನು ಪಾದವೊಂದು ಮೆಟ್ಟಿ ಹಿಡಿದಿರುವುದರಿಂದಲೇ ಬೂದುಗುಂಬಳದಂಥ ಕಾಯಿಯೂ ಅಲುಗಿನ ಮುಂದೆ ತಲೆಬಾಗುತ್ತದೆ. ನೆಲದ ಮೇಲೆ ಕುಳಿತು ಕೆಲಸಮಾಡುವ ನಮ್ಮ ಬಡಗಿಯನ್ನು ನೀವು ನೋಡಿಯೇ ಇರುತ್ತೀರಿ. ಅವನ ಎರಡು ಕೈಗಳೂ ಉಳಿ ಕೊಡತಿಗಳಲ್ಲಿ ತೊಡಗಿರುವಾಗ ಹಲಗೆಯನ್ನು ಹಿಡಿದಿರುವುದು ಅವನ ಕಾಲು. ಮರ ಒಂದು ಕೂದಲೆಳೆಯಷ್ಟು ಸರಿದರೂ ಆ ಪಾದಕ್ಕೆ ಅರಿವಾಗುತ್ತದೆ. ಅರಿವಾದೊಡನೆಯೇ ಕೈ ತಾನಾಗಿ ನಿಲ್ಲುತ್ತದೆ.

ಕೊಯ್ಯುವುದು ಕೆಲಸದ ಅರ್ಧ, ಹಿಡಿಯುವುದು ಉಳಿದರ್ಧ. ಕೀರ್ತಿಯೆಲ್ಲ ಮೊದಲನೆಯ ಅರ್ಧಕ್ಕೆ ಸಲ್ಲುತ್ತದೆ. ಎರಡನೆಯದು ಕೆಟ್ಟಾಗ ಮಾತ್ರ ನೆನಪಿಗೆ ಬರುತ್ತದೆ. ಈ ವಾರ ಆ ಎರಡನೆಯ ಅರ್ಧದ ಪರವಾಗಿ ನಾಲ್ಕು ಮಾತು ಹೇಳಬೇಕೆಂದು ತೋರಿದುದಕ್ಕೆ ಕಾರಣ, ಈಚೆಗೆ ಮಧ್ಯಮವರ್ಗದ ಮನೆಗಳಿಗೂ ಕಾಲಿಟ್ಟಿರುವ ಒಂದು ಪುಟ್ಟ ಯಂತ್ರ. ಅದನ್ನು ಸಿ.ಎನ್.ಸಿ. ರೌಟರ್ ಎನ್ನುತ್ತಾರೆ. ಗಣಕಯಂತ್ರ ಕೊಡುವ ಅಂಕಿಗಳ ಆಣತಿಯಂತೆ ಮರವನ್ನು ಕೊರೆಯುವ ಸಾಧನ ಇದು.

ಈ ವಿದ್ಯೆಗೆ ಏಳು ದಶಕಗಳ ಇತಿಹಾಸವಿದೆ. ಅಮೆರಿಕೆಯಲ್ಲಿ ಹೆಲಿಕಾಪ್ಟರಿನ ರೆಕ್ಕೆಗಳನ್ನು ತಯಾರಿಸುತ್ತಿದ್ದ ಜಾನ್ ಪಾರ್ಸನ್ಸ್ ಎಂಬವರು, ಬಾಗುಬಳುಕಿನ ಆಕಾರಗಳನ್ನು ಅಂಕಿಗಳ ಮೂಲಕವೇ ಯಂತ್ರಕ್ಕೆ ತಿಳಿಸಿದರೆ ಹೇಗೆ ಎಂದು ಯೋಚಿಸಿದರು. ಆ ಯೋಚನೆ ಮ್ಯಾಸಚೂಸೆಟ್ಸ್ ತಂತ್ರಶಾಸ್ತ್ರ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಬೆಳೆದು, 1952ರಲ್ಲಿ ರಂಧ್ರ ಕೊರೆದ ಕಾಗದದ ಪಟ್ಟಿಯನ್ನು ಓದಿ ತಾನೇ ನಡೆಯುವ ಯಂತ್ರವಾಗಿ ಜನರ ಮುಂದೆ ಪ್ರದರ್ಶನಗೊಂಡಿತು. ಅಂದು ದೊಡ್ಡ ಪ್ರಯೋಗಶಾಲೆಗೆ ಮಾತ್ರ ನಿಲುಕುತ್ತಿದ್ದ ವಿದ್ಯೆ ಇಂದು ಓದುವ ಮೇಜಿನ ಮೂಲೆಗೆ ಬಂದು ಕುಳಿತಿದೆ. ಹವ್ಯಾಸಿಗಳ ನಡುವೆ ಬಹಳ ಬಳಕೆಯಲ್ಲಿರುವ ಒಂದು ಮಾದರಿಗೆ 3018 ಎಂದೇ ಹೆಸರು. ಸುಮಾರು 30 ಸೆಂಟಿಮೀಟರ್ ಉದ್ದ, 18 ಸೆಂಟಿಮೀಟರ್ ಅಗಲದ ಕೆಲಸದ ಜಾಗ ಉಳ್ಳದ್ದು ಎಂಬುದೇ ಆ ಅಂಕಿಯ ಅರ್ಥ. ಅಲ್ಯೂಮಿನಿಯಮ್ಮಿನ ಒಂದು ಪೀಠ ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ. ಅದರ ಮೇಲೆ ಮೋಟಾರು ಎಡಕ್ಕೂ ಬಲಕ್ಕೂ, ಮೇಲಕ್ಕೂ ಕೆಳಕ್ಕೂ ಚಲಿಸುತ್ತದೆ. ಮೋಟಾರಿನ ತುದಿಯಲ್ಲಿ ಪೆನ್ಸಿಲಿಗಿಂತ ಸಣ್ಣದಾದ ಬಿಟ್ ತಿರುಗುತ್ತದೆ.

ಸಣ್ಣದೆಂದು ಅಸಡ್ಡೆಮಾಡುವಂತಿಲ್ಲ. ಅದು ನಿಮಿಷಕ್ಕೆ 10,000 ಸುತ್ತು ತಿರುಗುತ್ತದೆಂದು ಇಟ್ಟುಕೊಳ್ಳೋಣ. ಬಿಟ್ಟಿಗೆ ಎರಡು ಅಲುಗುಗಳಿದ್ದರೆ, ಒಂದು ಸೆಕೆಂಡಿನಲ್ಲಿ ಮರಕ್ಕೆ ಬೀಳುವ ಪೆಟ್ಟುಗಳು 330ಕ್ಕೂ ಹೆಚ್ಚು. ಒಂದೊಂದು ಪೆಟ್ಟೂ ಮರವನ್ನು ಪಕ್ಕಕ್ಕೆ ತಳ್ಳುತ್ತದೆ. ಹೀಗಿದ್ದೂ ಈ ಯಂತ್ರಕ್ಕೆ ಬಡಗಿಯ ಪಾದಕ್ಕಿರುವ ಅರಿವಿಲ್ಲ. ಹವ್ಯಾಸಿಗಳ ಅಗ್ಗದ ಯಂತ್ರಗಳಲ್ಲಿ ಮೋಟಾರಿಗೆ 'ಇಷ್ಟು ಹೆಜ್ಜೆ ನಡೆ' ಎಂಬ ಆಜ್ಞೆ ಹೋಗುತ್ತದೆಯೇ ಹೊರತು, ಮರ ಇದ್ದಲ್ಲಿಯೇ ಇದೆಯೇ ಎಂದು ಹಿಂದಿರುಗಿ ಬಂದು ಹೇಳುವ ದೂತನಿಲ್ಲ. ಮರ ಸರಿದರೂ ಯಂತ್ರ ತನ್ನ ಪಾಠವನ್ನು ಒಪ್ಪಿಸುತ್ತಲೇ ಇರುತ್ತದೆ. ಆದ್ದರಿಂದ ಬಡಗಿ ಕೆಲಸದ ಉದ್ದಕ್ಕೂ ತೋರುವ ಎಚ್ಚರವನ್ನೆಲ್ಲ ಇಲ್ಲಿ ನಾವು ಕೆಲಸಕ್ಕೆ ಮೊದಲೇ ಹಿಡಿತದೊಳಗೆ ಕಟ್ಟಿಡಬೇಕಾಗುತ್ತದೆ.

ಆ ಹಿಡಿತಕ್ಕೆ ಆಧಾರವಾದದ್ದು ಪೀಠದ ಉದ್ದಕ್ಕೂ ತೋಡಿರುವ ಕಾಲುವೆಗಳು. ಅಡ್ಡಲಾಗಿ ಕತ್ತರಿಸಿ ನೋಡಿದರೆ ಅವು ಇಂಗ್ಲಿಷಿನ ಟಿ ಅಕ್ಷರವನ್ನು ತಲೆಕೆಳಗು ಮಾಡಿದಂತೆ ಕಾಣುತ್ತವೆ: ಬಾಯಿ ಕಿರಿದು, ಹೊಟ್ಟೆ ಅಗಲ. ದೊಡ್ಡ ಯಂತ್ರಗಳಲ್ಲಿ ಎಂ.ಡಿ.ಎಫ್. ಹಲಗೆಯನ್ನು ಹಾಸಿ, ಅದರೊಳಗೆ ಇದೇ ಆಕಾರದ ಅಲ್ಯೂಮಿನಿಯಮ್ ಪಟ್ಟಿಗಳನ್ನು ಹುದುಗಿಸಿ ಸ್ಕ್ರೂ ಹೊಡೆದಿರುತ್ತಾರೆ. ಅದಕ್ಕೆ ಟಿ-ಟ್ರ್ಯಾಕ್ ಎಂದು ಹೆಸರು. ಬೋಲ್ಟಿನ ಅಗಲವಾದ ತಲೆ ಹೊಟ್ಟೆಯೊಳಗೆ ಜಾರುತ್ತ ಹೋಗುತ್ತದೆ. ಕಿರಿದಾದ ಬಾಯಿಯಿಂದ ಮೇಲೆ ಬರಲಾರದು. ಆ ಬೋಲ್ಟಿಗೆ ಕ್ಲಾಂಪಿನ ಪಟ್ಟಿಯನ್ನು ತೊಡಿಸಿ ಮೇಲಿನಿಂದ ನಟ್ಟು ಬಿಗಿದರೆ ಪಟ್ಟಿಯ ಮುಂದುದಿ ಮರವನ್ನು ಒತ್ತಿ ಹಿಡಿಯುತ್ತದೆ. ಬೇಕಾದಲ್ಲಿಗೆ ಜಾರಿಸಿ, ಬೇಕಾದಲ್ಲಿ ನಿಲ್ಲಿಸಬಹುದು. ಕಾಣಲು ಇಷ್ಟು ಸರಳವಾದ ಈ ಏರ್ಪಾಟಿನಲ್ಲಿ ಎಷ್ಟು ವಿವೇಕ ಅಡಗಿದೆಯೆಂಬುದನ್ನು ನಾನು ತಿಳಿದದ್ದು ನೆರೆಮನೆಯ ಅಜ್ಜ ಮೊಮ್ಮಗಳಿಂದ.

ಅಜ್ಜ ಬೆಂಗಳೂರಿನ ಯಂತ್ರ ಕಾರ್ಖಾನೆಯೊಂದರಲ್ಲಿ ಬದುಕಿನ ಬಹುಭಾಗವನ್ನು ಸವೆಸಿ ನಿವೃತ್ತರಾದವರು. ಮೊಮ್ಮಗಳು ಎಂಜಿನಿಯರಿಂಗ್ ಓದುತ್ತಿರುವ ಹುಡುಗಿ. ಗಣಕದಲ್ಲಿ ಚಿತ್ರ ಬರೆದು ಅದನ್ನು ಯಂತ್ರದ ಭಾಷೆಗೆ ತಿರುಗಿಸುವುದರಲ್ಲಿ ನಿಪುಣೆ. ಅವರ ಹಳ್ಳಿಯ ಮನೆಯನ್ನು ಕೆಡವಿದಾಗ ಬಾಗಿಲಿನ ತೇಗದ ಹಲಗೆಯೊಂದನ್ನು ಉಳಿಸಿ ತಂದಿದ್ದರು. ಅಂಗೈ ಅಗಲ, ಗೇಣಿಗಿಂತ ತುಸು ಹೆಚ್ಚು ಉದ್ದ. ಹಳೆಯ ಮನೆಯಿಂದ ಉಳಿದದ್ದು ಅದೊಂದೇ. ಅದರ ಮೇಲೆ ಆ ಮನೆಗಿದ್ದ 'ಶ್ರೀನಿಲಯ' ಎಂಬ ಹೆಸರನ್ನೇ ಕೊರೆದು ಈಗಿನ ಮನೆಯ ಬಾಗಿಲಿಗೆ ಹಾಕಬೇಕೆಂಬುದು ಅವರ ಸಂಕಲ್ಪ. ಅಕ್ಷರಗಳ ಒತ್ತು ಗುಣಿತಗಳು ಸರಿಯಾಗಿವೆಯೇ ನೋಡಿ ಹೇಳಲು ಕನ್ನಡ ಮೇಷ್ಟರೆಂದು ನನಗೆ ಕರೆ ಬಂದಿತ್ತು. ಒಂದು ಅಕ್ಷರ ಕೆಟ್ಟರೂ ಬೇರೆ ಹಲಗೆ ತರುವಂತಿರಲಿಲ್ಲ. ಅಂಗಡಿಯಲ್ಲಿ ತೇಗ ಸಿಕ್ಕೀತು, ಆ ಬಾಗಿಲು ಸಿಕ್ಕುವುದೆಲ್ಲಿ?

ಅಜ್ಜ ಮೊದಲು ಒಂದು ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆಯ ಮೇಲೆ ಪರೀಕ್ಷೆ ಮಾಡಿಸಿದರು. ಮೊಮ್ಮಗಳು ನಾಲ್ಕು ಮೂಲೆಗೂ ನಾಲ್ಕು ಕ್ಲಾಂಪು ಹಾಕಿ, ನಟ್ಟುಗಳನ್ನು ಬಲವಾಗಿ ಬಿಗಿದು ಯಂತ್ರವನ್ನು ನಡೆಸಿದಳು. 'ಶ್ರೀ' ಚೆನ್ನಾಗಿಯೇ ಬಂತು. 'ನಿ'ಯೂ ಬಂತು. 'ಲ'ಕಾರದ ಹೊತ್ತಿಗೆ ಒಂದು ಕರ್ಕಶ ಧ್ವನಿ ಕೇಳಿಸಿತು. 'ಯ'ಕಾರ ಸಾಲನ್ನು ಬಿಟ್ಟು ಮೇಲಕ್ಕೇರಿ ಕುಳಿತಿತ್ತು.

"ನಾಲ್ಕು ಕಡೆನೂ ಬಿಗಿದಿದ್ದೆನಲ್ಲ, ತಾತ!" ಎಂದಳು ಹುಡುಗಿ.

"ಬಿಗಿದಿದ್ದೀಯಮ್ಮ, ಆದರೆ ಹಿಡಿದಿಲ್ಲ," ಎಂದರು ಅಜ್ಜ. "ಬನ್ನಿ ಮೇಷ್ಟ್ರೇ, ನೀವೂ ನೋಡಿ."

ಅವರು ತೋರಿಸಿದ ಮೊದಲನೆಯ ದೋಷ ಬೋಲ್ಟಿನ ಸ್ಥಾನ. ಕ್ಲಾಂಪಿನ ಪಟ್ಟಿಗೆ ಮುಂದುದಿ ಒಂದು, ಹಿಮ್ಮಡಿ ಒಂದು. ಮುಂದುದಿ ಮರದ ಮೇಲೆ, ಹಿಮ್ಮಡಿ ಪೀಠದ ಮೇಲಿಟ್ಟ ಆಧಾರದ ಮೇಲೆ. ನಡುವೆ ಎಲ್ಲಿಯೋ ಬೋಲ್ಟು. ಇಬ್ಬರು ಒಂದು ಬೊಂಬಿಗೆ ಹೊರೆಯನ್ನು ತೂಗುಹಾಕಿ ಹೊರುವಾಗ, ಹೊರೆ ಯಾರ ಹತ್ತಿರವಿರುತ್ತದೆಯೋ ಅವರ ಹೆಗಲಿಗೆ ಭಾರ ಹೆಚ್ಚಾಗುವುದಷ್ಟೆ? ಇಲ್ಲಿಯೂ ಅದೇ ನ್ಯಾಯ. ಪಟ್ಟಿಯ ಎರಡು ಆಧಾರಗಳ ನಡುವೆ 8 ಸೆಂಟಿಮೀಟರ್ ಅಂತರವಿದ್ದು, ಬೋಲ್ಟು 40 ಕಿಲೋ ಭಾರದಷ್ಟು ಎಳೆಯುತ್ತಿದೆಯೆನ್ನಿ. ಬೋಲ್ಟು ಮರದಿಂದ 2 ಸೆಂಟಿಮೀಟರ್ ದೂರದಲ್ಲಿದ್ದರೆ ಮರಕ್ಕೆ 30 ಕಿಲೋ, ಹಿಮ್ಮಡಿಗೆ 10 ಕಿಲೋ. ನಟ್ಟನಡುವೆ ಇದ್ದರೆ ಇಬ್ಬರಿಗೂ 20. ಹಿಮ್ಮಡಿಗೆ 2 ಸೆಂಟಿಮೀಟರ್ ಹತ್ತಿರವಿದ್ದರೆ ಮರಕ್ಕೆ ದಕ್ಕುವುದು ಬರೇ 10 ಕಿಲೋ. ಉಳಿದ ಶಕ್ತಿಯೆಲ್ಲ ಯಾವ ಅಪರಾಧವನ್ನೂ ಮಾಡದ ಆಧಾರವನ್ನು ಅದುಮುವುದರಲ್ಲಿ ವ್ಯಯವಾಗುತ್ತದೆ. ಹುಡುಗಿ ಬೋಲ್ಟುಗಳನ್ನು ಹಿಂದಕ್ಕೆ ಸರಿಸಿ ಕೂರಿಸಿದ್ದಳು. ಕೈ ನೋಯುವಂತೆ ಬಿಗಿದರೂ ಮರಕ್ಕೆ ಅದರಲ್ಲಿ ಕಾಲುಪಾಲು ಮಾತ್ರ ತಲುಪಿತ್ತು.

ಎರಡನೆಯದು ಹಿಮ್ಮಡಿಯ ಎತ್ತರ. ಹಿಮ್ಮಡಿಯ ಆಧಾರ ಮರಕ್ಕಿಂತ ತಗ್ಗಾಗಿದ್ದರೆ ಪಟ್ಟಿ ಹಿಂದಕ್ಕೆ ಇಳಿಜಾರಾಗುತ್ತದೆ. ಆಗ ಅದು ಮರದ ಮೈಯನ್ನು ಒತ್ತದೆ ಅಂಚನ್ನು ಮಾತ್ರ ಕಚ್ಚುತ್ತದೆ. ಬಿಗಿದಷ್ಟೂ ಹಿಂದಕ್ಕೆ ಜಾರಲು ನೋಡುತ್ತದೆ. ಹಿಮ್ಮಡಿ ಮರದ ಸಮಕ್ಕೆ, ಅಥವಾ ಅದಕ್ಕಿಂತ ಒಂದೆಳೆ ಎತ್ತರಕ್ಕೆ ಇರಬೇಕು. ಕಾರ್ಖಾನೆಗಳಲ್ಲಿ ಇದಕ್ಕೆಂದೇ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಉಕ್ಕಿನ ತುಂಡುಗಳಿರುತ್ತವೆ. ಮನೆಯಲ್ಲಿ ಅದೇ ದಪ್ಪದ ಮರದ ಚೂರಿನ ಮೇಲೆ ಒಂದು ರಟ್ಟಿನ ತುಂಡನ್ನಿಟ್ಟರೆ ಸಾಕಾಗುತ್ತದೆ.

ಮೂರನೆಯದು ಇನ್ನೂ ಸೂಕ್ಷ್ಮವಾದದ್ದು. ಕ್ಲಾಂಪು ಒತ್ತುವುದು ಕೆಳಕ್ಕೆ. ಬಿಟ್ ತಳ್ಳುವುದು ಪಕ್ಕಕ್ಕೆ. ಪಕ್ಕದ ತಳ್ಳಿಕೆಗೆ ಎದುರಾಗಿ ನಿಲ್ಲುವುದು ಮರಕ್ಕೂ ನುಣುಪಾದ ಅಲ್ಯೂಮಿನಿಯಮ್ಮಿಗೂ ನಡುವಣ ಘರ್ಷಣೆಯೊಂದೇ. ಅದರಲ್ಲಿಯೂ ನಮ್ಮ ಲಿಪಿಯದು ವಿಶೇಷ ಪ್ರಕರಣ. ಗೆರೆ ಎಳೆದಂತಿರುವ ಅಕ್ಷರಗಳನ್ನು ಕೊರೆಯುವಾಗ ತಳ್ಳಿಕೆಯ ದಿಕ್ಕು ಕೆಲವೇ ಬಾರಿ ಬದಲಾಗುತ್ತದೆ. ಕನ್ನಡದ ದುಂಡಕ್ಷರವಾದರೋ ತಲೆಕಟ್ಟಿನಿಂದ ಒತ್ತಿನ ತನಕ ಸುತ್ತಿ ಸುಳಿದು ಬರುತ್ತದೆ. ಬಿಟ್ ಒಂದೇ ಅಕ್ಷರದೊಳಗೆ ಮರವನ್ನು ನಾಲ್ಕು ದಿಕ್ಕಿಗೂ ಜಗ್ಗಿ ನೋಡುತ್ತದೆ. ಆದಕಾರಣ ಅಜ್ಜ ಹಲಗೆಯ ಉದ್ದನೆಯ ಬದಿಗೆ ಎರಡು, ಗಿಡ್ಡನೆಯ ಬದಿಗೆ ಒಂದು ತಡೆಗಳನ್ನು ಟಿ-ಕಾಲುವೆಯಲ್ಲಿ ನಿಲ್ಲಿಸಿ ಭದ್ರಪಡಿಸಿದರು. "ಕೆಳಗೆ ಮೂರು, ಪಕ್ಕಕ್ಕೆ ಎರಡು, ತುದಿಗೆ ಒಂದು," ಎಂದು ಅವರು ಮಗ್ಗಿಯಂತೆ ಹೇಳಿದರು. ಯಂತ್ರಶಾಲೆಗಳಲ್ಲಿ ಪ್ರಸಿದ್ಧವಾದ ಸೂತ್ರವಂತೆ ಅದು. ಕೆಳಗಿನ ಮೂರು ಬಿಂದುಗಳು ವಸ್ತು ಓಲಾಡದಂತೆ ಕೂರಿಸುತ್ತವೆ. ಪಕ್ಕದ ಎರಡು ಅದು ತಿರುಗದಂತೆ ನೋಡಿಕೊಳ್ಳುತ್ತವೆ. ತುದಿಯ ಒಂದು ಉದ್ದಕ್ಕೆ ಸರಿಯದಂತೆ ತಡೆಯುತ್ತದೆ. ಆರು ಬಿಂದುಗಳಲ್ಲಿ ವಸ್ತುವಿನ ನೆಲೆ ನಿಶ್ಚಯವಾದ ಮೇಲೆ, ಅದನ್ನು ಅಲ್ಲಿಯೇ ಒತ್ತಿಟ್ಟಿರುವುದಷ್ಟೇ ಕ್ಲಾಂಪಿನ ಕರ್ತವ್ಯ.

ಎರಡನೆಯ ಪೈನ್ ಹಲಗೆಯ ಮೇಲೆ ಹೆಸರು ನೆಟ್ಟಗೆ ಮೂಡಿತು. ಇನ್ನು ತೇಗದ ಸರದಿ. ಹುಡುಗಿಗೆ ಆತುರ, ಅಜ್ಜ ಮಾತ್ರ ಹಲಗೆಯ ಹಿಂದೆ ಮುಂದೆ ಒಂದು ಅಯಸ್ಕಾಂತವನ್ನು ಆಡಿಸತೊಡಗಿದರು. ಹಳೆಯ ಬಾಗಿಲಿನಲ್ಲಿ ಮುರಿದ ಮೊಳೆಯೊಂದು ಒಳಗೇ ಉಳಿದಿದ್ದರೆ ಬಿಟ್ ಅದಕ್ಕೆ ತಾಗಿ ಚೂರಾಗಿ ಸಿಡಿಯಬಹುದು. ಆ ಚೂರು ಮುಖದ ಕಡೆಗೇ ಬಂದೀತು. ಮೊಳೆ ಇರಲಿಲ್ಲ. ಬಳಿಕ ಹಲಗೆಯನ್ನು ಪೀಠದ ಮೇಲಿಟ್ಟು ನಾಲ್ಕು ಮೂಲೆಗಳನ್ನೂ ಬೆರಳಿನಿಂದ ಒಂದೊಂದಾಗಿ ಒತ್ತಿದರು. ಒಂದು ಮೂಲೆಯಲ್ಲಿ 'ಟಕ್' ಎಂಬ ಸದ್ದು. ಎಷ್ಟೋ ವರ್ಷಗಳ ಬಿಸಿಲು ಮಳೆಗಳನ್ನು ಕಂಡ ಹಲಗೆ ಒಂದಿಷ್ಟು ಸೊಟ್ಟಗಾಗಿತ್ತು.

"ಅಷ್ಟೇ ತಾನೆ? ಆ ಮೂಲೇನ ಬಿಗಿಯಾಗಿ ಒತ್ತಿಬಿಟ್ಟರೆ ಸರಿಹೋಗತ್ತೆ, ತಾತ," ಎಂದಳು ಮೊಮ್ಮಗಳು.

"ಒತ್ತಿದರೆ ಬಗ್ಗತ್ತಮ್ಮ. ಬಗ್ಗಿರೋವಾಗ ಕೊರೀತೀಯ. ಕ್ಲಾಂಪು ಬಿಚ್ಚಿದ ಗಳಿಗೆ ಅದು ತನ್ನ ಹಳೇ ಸೊಟ್ಟಕ್ಕೇ ಹೋಗತ್ತೆ. ಆಗ ನಿನ್ನ ಅಕ್ಷರ ಒಂದು ಕಡೆ ಆಳ, ಇನ್ನೊಂದು ಕಡೆ ತೇಲು. ಅದು ಹ್ಯಾಗಿದೆಯೋ ಹಾಗೇ ಕೂರೋದಕ್ಕೆ ಮೊದಲು ಜಾಗ ಮಾಡಿಕೊಡು, ಆಮೇಲೆ ಹಿಡಿ."

ಹೀಗೆ ಹೇಳಿ, ಮನೆಯಲ್ಲಿದ್ದ ಹಳೆಯ ಲಗ್ನಪತ್ರಿಕೆಯೊಂದನ್ನು ಕತ್ತರಿಸಿ ತರಿಸಿದರು. ಮೂಲೆಯ ಕೆಳಗಿನ ಸಂದಿಗೆ ಒಂದು ಪದರ, ಎರಡು ಪದರ ಎಂದು ತೂರಿಸುತ್ತ ಬಂದು, 'ಟಕ್' ಸದ್ದು ಅಡಗಿದ ಮೇಲೆಯೇ ಕ್ಲಾಂಪುಗಳನ್ನು ಬಿಗಿಯಲು ಅಪ್ಪಣೆ ಕೊಟ್ಟರು. ಪ್ರತಿಯೊಂದು ಕ್ಲಾಂಪಿನ ಮುಂದುದಿಗೂ ತೇಗಕ್ಕೂ ನಡುವೆ ಮೆತ್ತನೆಯ ಮರದ ತೆಳುಚೂರು. ಕಬ್ಬಿಣದ ಗುರುತು ಹಲಗೆಯ ಮೇಲೆ ಬೀಳಬಾರದಲ್ಲವೆ! ಎಲ್ಲವೂ ಮುಗಿದ ತರುವಾಯ, ಮೋಟಾರಿನ ವಿದ್ಯುತ್ತು ನಿಂತಿರುವಾಗಲೇ, ಅಂಗೈಯಿಂದ ಹಲಗೆಯನ್ನು ನಾಲ್ಕು ಕಡೆಗೂ ನೂಕಿ ನೋಡಿದರು. ಪೀಠ ಅಲುಗಿತು, ಹಲಗೆ ಅಲುಗಲಿಲ್ಲ.

ಇಷ್ಟರಲ್ಲಿ ಮೊಮ್ಮಗಳು ತನ್ನ ವಿದ್ಯೆಯನ್ನು ತೋರಿದಳು. ಬಿಟ್ಟನ್ನು ಹಲಗೆಗಿಂತ ಬಹಳ ಮೇಲಕ್ಕೆತ್ತಿ, ಇಡೀ ಹೆಸರನ್ನು ಒಮ್ಮೆ ಗಾಳಿಯಲ್ಲಿಯೇ ಬರೆಸಿದಳು. 'ಶ್ರೀ'ಯಿಂದ ಅಂಚಿನ ಬಳ್ಳಿಯ ಕಡೆಗೆ ಹಾರುವ ದಾರಿಯಲ್ಲಿ ಒಂದು ಬೋಲ್ಟು ತಲೆಯೆತ್ತಿ ನಿಂತಿರುವುದು ಅವಳಿಗೇ ಮೊದಲು ಕಂಡದ್ದು. ಅಜ್ಜನ ಕಣ್ಣಿಗೆ ಅದು ತಪ್ಪಿಹೋಗಿತ್ತು. ಆ ಕ್ಲಾಂಪನ್ನು ಎರಡು ಬೆರಳಿನಷ್ಟು ಜಾರಿಸಿ, ಬಿಟ್ ಒಂದೆಡೆಯಿಂದ ಇನ್ನೊಂದೆಡೆಗೆ ಹಾರುವ ಎತ್ತರವನ್ನು ಎಲ್ಲ ಬೋಲ್ಟುಗಳ ತಲೆಗಿಂತ ಮೇಲಕ್ಕೆ ಗೊತ್ತುಮಾಡಿದಳು. ಇನ್ನು ಮುಂದೆ ಚಿತ್ರ ಬರೆಯುವಾಗಲೇ ಕ್ಲಾಂಪುಗಳ ಜಾಗವನ್ನೂ ಬರೆದುಕೊಳ್ಳುತ್ತೇನೆ ಎಂದಳು. ಹಿಡಿಯುವ ಕೈ ಕೊರೆಯುವ ಕೈಗೆ ಅಡ್ಡಬರಬಾರದೆಂಬ ಪಾಠವನ್ನು ಅಂದು ಹಿರಿಯರಿಗೆ ಕಿರಿಯಳೇ ಹೇಳಿಕೊಟ್ಟಂತಾಯಿತು.

ಮನೆಯಲ್ಲಿ ಇಂಥ ಯಂತ್ರವನ್ನು ಇಟ್ಟುಕೊಂಡಿರುವ, ಇಲ್ಲವೇ ಮಕ್ಕಳ ಒತ್ತಾಯಕ್ಕೆ ತರಲಿರುವ ವಾಚಕರಿಗಾಗಿ ಅಜ್ಜನ ಬಾಯಿಂದ ಕೇಳಿದ ಇನ್ನು ಕೆಲವು ಮಾತುಗಳನ್ನು ಇಲ್ಲಿ ಸೇರಿಸುತ್ತೇನೆ. ಬೋಲ್ಟು ನಟ್ಟುಗಳನ್ನು ಅಂಗಡಿಯಿಂದ ತರುವಾಗ ಅಂಗುಲದ ಲೆಕ್ಕದವನ್ನೂ ಮಿಲಿಮೀಟರಿನ ಲೆಕ್ಕದವನ್ನೂ ಬೆರೆಸಬಾರದು. ಕಾಲು ಅಂಗುಲವೆಂದರೆ 6.35 ಮಿಲಿಮೀಟರ್, ಅದರ ಸಾಮಾನ್ಯ ಮರೆಯಲ್ಲಿ ಅಂಗುಲಕ್ಕೆ 20 ಸುತ್ತು. 6 ಮಿಲಿಮೀಟರಿನ ಬೋಲ್ಟಿಗೆ ಸಾಮಾನ್ಯವಾಗಿ ಮಿಲಿಮೀಟರಿಗೆ ಒಂದು ಸುತ್ತು. ಕಣ್ಣಿಗೆ ಅಣ್ಣತಮ್ಮಂದಿರಂತೆ ಕಂಡರೂ ಅವೆರಡೂ ಒಂದು ಮನೆಯಲ್ಲಿ ಬಾಳುವುದಿಲ್ಲ. ಒಂದೆರಡು ಸುತ್ತು ಹೊಂದಿಕೊಂಡಂತೆ ನಟಿಸಿ ಮರೆಯನ್ನೇ ಕೆಡಿಸುತ್ತವೆ. ಬೋಲ್ಟಿನ ತಲೆ ಮೇಲಿದ್ದು ನಟ್ಟು ಟ್ರ್ಯಾಕಿನ ಒಳಗಿರುವ ಬಗೆಯಲ್ಲಿ ಬೋಲ್ಟು ಅಳತೆಗಿಂತ ಉದ್ದವಾಗಿರಕೂಡದು. ಅದರ ತುದಿ ಟ್ರ್ಯಾಕಿನ ತಳಕ್ಕೆ ತಾಗಿದರೆ, ಮುಂದಿನ ಒಂದೊಂದು ಸುತ್ತೂ ಜಾಕಿಯಂತೆ ಟ್ರ್ಯಾಕನ್ನೇ ಹಲಗೆಯಿಂದ ಕಿತ್ತು ಮೇಲಕ್ಕೆಬ್ಬಿಸುತ್ತದೆ. ಕೈಗೆ ಬಿಗಿಯಾದಂತೆ ತೋರುತ್ತದೆ. ಮರಕ್ಕೆ ಮುಟ್ಟಿರುವುದು ಏನೂ ಇಲ್ಲ.

ಸುರುಳಿಯಾಕಾರದ ಬಿಟ್ಟುಗಳಲ್ಲಿ ಹೊಟ್ಟನ್ನು ಮೇಲಕ್ಕೆ ಎಳೆದುಹಾಕುವ ಜಾತಿಯೊಂದಿದೆ. ಅದು ಹೊಟ್ಟಿನ ಜೊತೆಗೆ ಹಲಗೆಯನ್ನೂ ಮೇಲಕ್ಕೆ ಸೆಳೆಯುತ್ತದೆ. ತೆಳ್ಳನೆಯ ಹಲಗೆಯನ್ನು ಅಂಚಿನಲ್ಲಿ ಮಾತ್ರ ಹಿಡಿದಿದ್ದರೆ ನಡುಭಾಗ ಹಪ್ಪಳದಂತೆ ಉಬ್ಬುತ್ತದೆ. ಅಂಥ ಕಡೆ ಹಲಗೆಯ ಕೆಳಗೆ ಎರಡು ಮುಖದ ಅಂಟುಪಟ್ಟಿಯನ್ನು ಹಾಸುವುದು ಲೇಸು. ಆಕಾರವೊಂದನ್ನು ಪೂರ್ತಿಯಾಗಿ ಕತ್ತರಿಸಿ ತೆಗೆಯುವುದಾದರೆ, ಅದರ ಸುತ್ತ ಎರಡು ಮೂರು ಕಡೆ ಸಣ್ಣ ಸೇತುವೆಗಳಂತೆ ಮರವನ್ನು ಉಳಿಸಬೇಕು. ಹಾಗೆ ಉಳಿಸದಿದ್ದರೆ ಕೊನೆಯ ಕ್ಷಣದಲ್ಲಿ ಬಿಡುಗಡೆ ಹೊಂದಿದ ತುಂಡು ತಿರುಗುವ ಬಿಟ್ಟಿಗೆ ಸಿಕ್ಕಿ ಕವಣೆಗಲ್ಲಿನಂತೆ ಹಾರುತ್ತದೆ. ಯಂತ್ರ ನಡೆಯುತ್ತಿರುವಾಗ ಕ್ಲಾಂಪು ಸಡಿಲವಾದುದು ಕಂಡರೆ ಕೈ ಹಾಕಿ ಬಿಗಿಯಲು ಹೋಗಬಾರದು. ಮೊದಲು ಯಂತ್ರವನ್ನು ನಿಲ್ಲಿಸತಕ್ಕದ್ದು. ಹತ್ತಿರ ನಿಲ್ಲುವವರೆಲ್ಲರ ಕಣ್ಣಿಗೂ ರಕ್ಷಣೆಯ ಕನ್ನಡಕವಿರಬೇಕು. ಹಲಗೆ ಕೆಟ್ಟರೆ ಹೋದದ್ದು ಒಂದು ಹಲಗೆ. ಕಣ್ಣಿನ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ.

ಅಜ್ಜ ಲಗ್ನಪತ್ರಿಕೆಯ ಚೂರುಗಳನ್ನು ಹಲಗೆಯ ಕೆಳಗೆ ತೂರಿಸುತ್ತಿದ್ದಾಗ ನನ್ನ ಮನಸ್ಸು ಸ್ವಲ್ಪ ಹೊತ್ತು ತರಗತಿಯ ಕಡೆಗೆ ಹೋಯಿತು. ನಾವು ಉಪಾಧ್ಯಾಯರೂ ತಂದೆತಾಯಿಗಳೂ ಶಿಸ್ತು ಎಂದು ಕರೆಯುವುದರಲ್ಲಿ ಬಹುಪಾಲು, ಸೊಟ್ಟ ಮೂಲೆಯನ್ನು ಬಲವಂತವಾಗಿ ಒತ್ತಿ ಹಿಡಿಯುವ ಕೆಲಸವೇ ಆಗಿದೆ. ನಾವು ಹಿಡಿದಿರುವಷ್ಟು ಹೊತ್ತು ಎಲ್ಲವೂ ಸಮನಾಗಿಯೇ ಕಾಣುತ್ತದೆ, ಅಂಕಗಳೂ ಬರುತ್ತವೆ. ಕೈ ತೆಗೆದ ಮೇಲೆ ಅಕ್ಷರ ಎಷ್ಟು ಆಳಕ್ಕೆ ಇಳಿದಿತ್ತೆಂಬುದು ಗೊತ್ತಾಗುತ್ತದೆ. ಮಗು ಇರುವಂತೆಯೇ ಅದು ಭದ್ರವಾಗಿ ಕೂರಲು ಎಲ್ಲಿ ಒಂದು ಪದರ ಆಸರೆ ಬೇಕೆಂದು ಬೆರಳಿಟ್ಟು ನೋಡುವುದಕ್ಕೆ ಹೆಚ್ಚು ಸಮಯ ಹಿಡಿಯುತ್ತದೆ. ಆ ಸಮಯವನ್ನು ಕೊಡುವವರು ನಮ್ಮಲ್ಲಿ ಎಷ್ಟು ಮಂದಿ?

ಯಂತ್ರ ಸುಮಾರು ಒಂದು ಗಂಟೆ ನಡೆಯಿತು. ಅಷ್ಟು ಹೊತ್ತೂ ಅಜ್ಜ ಬಿಟ್ಟಿನ ಕಡೆಗೆ ನೋಡಲೇ ಇಲ್ಲ. ಅವರ ದೃಷ್ಟಿಯೆಲ್ಲ ಕ್ಲಾಂಪುಗಳ ಮೇಲೆ. ಕೊನೆಗೆ ಮೋಟಾರು ನಿಂತಾಗ ಮೊಮ್ಮಗಳು ಹೊಟ್ಟನ್ನು ಬ್ರಷ್ಷಿನಿಂದ ಸರಿಸಿದಳು. 'ಶ್ರೀನಿಲಯ'ದ ನಾಲ್ಕು ಅಕ್ಷರಗಳೂ ಒಂದೇ ಸಾಲಿನಲ್ಲಿ, ಒಂದೇ ಆಳದಲ್ಲಿ, ಹಳೆಯ ತೇಗದೊಳಗಿನ ಹೊಂಬಣ್ಣವನ್ನು ಹೊರಕ್ಕೆ ತೋರುತ್ತಿದ್ದವು. ಕ್ಲಾಂಪುಗಳನ್ನು ಬಿಚ್ಚಿದರು; ಹಲಗೆ ಕದಲಲಿಲ್ಲ, ಸಿಡಿಯಲಿಲ್ಲ. ಅದರ ಮೈಮೇಲೆ ಹಿಡಿತದ ಒಂದು ಗುರುತೂ ಇರಲಿಲ್ಲ. ಕಬ್ಬಿಣದ ಹಲ್ಲಿನ ಅಚ್ಚುಗಳೆಲ್ಲ ಮೂಡಿದ್ದುದು ನಡುವೆ ಇಟ್ಟ ಮೆತ್ತನೆಯ ಮರದ ಚೂರುಗಳ ಮೇಲೆ. ಮೊಮ್ಮಗಳು ಅವನ್ನು ಹೊಟ್ಟಿನೊಡನೆ ಗುಡಿಸಿಹಾಕಲು ಹೋದಾಗ ಅಜ್ಜ ಕೈಯೊಡ್ಡಿ ಈಸಿಕೊಂಡು, ಮುಂದಿನ ಕೆಲಸಕ್ಕೆ ಬೇಕಾಗುತ್ತದೆಂದು ಡಬ್ಬಿಯಲ್ಲಿ ಹಾಕಿಟ್ಟರು.